ಐದು ಹಲ್ಲು ಹೋದರೆ ಐದು ಇಂಪ್ಲಾಂಟ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 58 ವರ್ಷ. ಕೆಳದವಡೆಯಲ್ಲಿ ಎಡಕ್ಕೆ ಮೂರು, ಬಲಕ್ಕೆ ಕೊನೆಯ ಎರಡು ಹಲ್ಲು ಕೀಳಿಸಿ ನಾಲ್ಕು ವರ್ಷ ಆಯ್ತು. ಎಲ್ಲವನ್ನೂ ಮುಂದಿನ ಹಲ್ಲಿನಲ್ಲೇ ಅಗಿಯಬೇಕು. ಕಡಕ್ ರೊಟ್ಟಿ ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ, ಶೇಂಗಾ ಬಿಟ್ಟೇಬಿಟ್ಟಿದ್ದೇನೆ. ತೆಗೆದು ಹಾಕುವ ಸೆಟ್ ಅಲ್ಲಾಡುತ್ತೆ ಅಂತ ಡಬ್ಬಿಯಲ್ಲೇ ಇಟ್ಟಿದ್ದೇನೆ. ಒಂದು ಕ್ಲಿನಿಕ್‌ನಲ್ಲಿ ಐದು ಇಂಪ್ಲಾಂಟ್ ಹಾಕಿ ಮೂರೇ ದಿನದಲ್ಲಿ ಹಲ್ಲು ಕೂರಿಸುತ್ತೇವೆ ಅಂದರು. ಶುಗರ್ ಇದೆ. ಮಾಡಿಸಲಾ?
– ಓದುಗರೊಬ್ಬರು, ಗದಗ

ಉತ್ತರ: ಇಂಪ್ಲಾಂಟ್ ಬಗ್ಗೆ ಖಂಡಿತ ಯೋಚನೆ ಮಾಡಿ ಅಮ್ಮಾ, ಆದರೆ ಆ ಮೂರು ದಿನಕ್ಕೆ ಈಗಲೇ ಒಪ್ಪಬೇಡಿ.

ಇಂಪ್ಲಾಂಟ್ ಅಂದರೆ ಹಲ್ಲಲ್ಲ, ಬೇರಿನ ಜಾಗದಲ್ಲಿ ದವಡೆ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವವರು ಮೂಳೆಯೊಳಗಿನ ರಕ್ತದ ಓಡಾಟ ನೋಡಲು ಮೊಲದ ಕಾಲಿಗೆ ಟೈಟಾನಿಯಂ ಕೊಳವೆ ಹಾಕಿದ್ದರು. ಆಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದನ್ನು ಹಿಡಿದುಬಿಟ್ಟಿತ್ತು. 1965ರಲ್ಲಿ ಅವರು ಮನುಷ್ಯರಿಗೆ ಹಾಕಿದರು. ಈ ಹಿಡಿತ ಬರಲು ಕೆಳದವಡೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು, ಮೇಲಿನ ದವಡೆಯಲ್ಲಿ ಇನ್ನೂ ಜಾಸ್ತಿ. ಅಷ್ಟರೊಳಗೆ ಸ್ಕ್ರೂ ಜೋರಾಗಿ ಅಲುಗಿದರೆ ಮೂಳೆ ಹಿಡಿಯುವುದೇ ಇಲ್ಲ. ಬೇಗ ಹಲ್ಲು ಕೂರಿಸುವ ವಿಧಾನಗಳು ಇವೆ, ಆದರೆ ಶುಗರ್ ಇರುವ ನಿಮಗೆ, ಅದೂ ಅಗಿಯುವ ಭಾರ ಪೂರ್ತಿ ಬೀಳುವ ಹಿಂದಿನ ಹಲ್ಲಿಗೆ, ನಾನಂತೂ ಕಾಯಿರಿ ಅಂತಲೇ ಹೇಳುತ್ತೇನೆ.

ಐದು ಹಲ್ಲಿಗೆ ಐದು ಸ್ಕ್ರೂ ಬೇಕಿಲ್ಲ. ಎಡಗಡೆ ಸಾಲಾಗಿ ಮೂರು ಹೋಗಿದ್ದರೆ ಎರಡು ತುದಿಗೆ ಎರಡು ಸ್ಕ್ರೂ ಹಾಕಿ, ಎರಡು ಕಂಬದ ಮೇಲೆ ತೊಲೆ ಇಟ್ಟ ಹಾಗೆ ಮೂರು ಹಲ್ಲಿನ ಬ್ರಿಡ್ಜ್ ಕೂರಿಸಬಹುದು. ಬಲಗಡೆ ಕಟ್ಟಕಡೆಯ ಹಲ್ಲು ಬೇಕೇಬೇಕಾ ಅಂತ ಕೇಳಿ. ಅದಿಲ್ಲದೆ ಆರಾಮಾಗಿ ಊಟ ಮಾಡುವವರು ತುಂಬಾ ಜನ ಇದ್ದಾರೆ. ಮೂರು ಅಥವಾ ನಾಲ್ಕರಲ್ಲಿ ಮುಗಿಯಬಹುದು. ಯಾವುದಕ್ಕೂ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಧಾರವಾಡದಲ್ಲಿ ಡೆಂಟಲ್ ಕಾಲೇಜು ಇದೆ, ನಿಮಗೆ ದೂರವೇನಲ್ಲ.

ಸ್ಕ್ರೂ ಹಾಕುವ ಮೊದಲು ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯನ್ನು ಎಲ್ಲಾ ಕಡೆಯಿಂದ ತೋರಿಸುವ 3ಡಿ ಎಕ್ಸ್‌ರೇ, ಆಗಲೇಬೇಕು. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಓಡುತ್ತದೆ. ಅದಕ್ಕೆ ಸ್ಕ್ರೂ ತಗುಲಿದರೆ ಅರ್ಧ ತುಟಿ ಜೋಮು ಹಿಡಿದ ಹಾಗೆ ಇದ್ದುಬಿಡಬಹುದು. ಮೇಲಾಗಿ ಹಲ್ಲು ಹೋದ ಜಾಗದಲ್ಲಿ ಮೂಳೆ ವರ್ಷ ವರ್ಷಕ್ಕೂ ಸವೆಯುತ್ತದೆ, ನಿಮ್ಮ ಸೆಟ್ ಅಲ್ಲಾಡಲು ಅದೂ ಒಂದು ಕಾರಣ ಇರಬಹುದು. ಮೂಳೆ ತೀರಾ ತೆಳ್ಳಗಿದ್ದರೆ ಮೊದಲು ಮೂಳೆ ತುಂಬಿಸಬೇಕಾಗುತ್ತದೆ, ಆಗ ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ.

ಶುಗರ್ ಇದೆ ಅಂತ ಹೆದರಬೇಡಿ, ಹತೋಟಿಯಲ್ಲಿದ್ದರೆ ಇಂಪ್ಲಾಂಟ್ ಹಾಕಬಹುದು. ಬೆಳಗಿನ ಒಂದು ರಿಪೋರ್ಟ್ ಸಾಲದು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ, ಅದು 7ರ ಆಸುಪಾಸಿಗೆ ಬರಲಿ. ಮೂಳೆ ಸವೆತಕ್ಕೆ ಇಂಜೆಕ್ಷನ್, ಮಾತ್ರೆ ಅಥವಾ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮುಚ್ಚಿಡದೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಎಲೆ ಅಡಿಕೆ ಜತೆ ತಂಬಾಕು ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ದುಡ್ಡಿನ ಮಾತು ಬರೆಸಿಕೊಳ್ಳಿ. ಹೇಳಿದ ರೇಟು ಬರೀ ಸ್ಕ್ರೂಗಾ, ಮೇಲಿನ ಕ್ಯಾಪೂ ಸೇರಿಯಾ ಅಂತ ಕೇಳಿ. ಸ್ಕ್ರೂ ಡಬ್ಬಿಯ ಮೇಲೆ ಕಂಪನಿ ಹೆಸರು, ಲಾಟ್ ನಂಬರ್ ಇರುವ ಸ್ಟಿಕರ್ ಇರುತ್ತದೆ. ಅದನ್ನು ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ. ಹತ್ತು ವರ್ಷದ ಮೇಲೆ ಬೇರೆ ಊರಲ್ಲಿ ರಿಪೇರಿಗೆ ಹೋದರೂ ಯಾವ ಬಿಡಿಭಾಗ ಬೇಕು ಅಂತ ಅದರಿಂದಲೇ ಗೊತ್ತಾಗುವುದು.

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಸುತ್ತಲಿನ ವಸಡಿಗೆ ಸೋಂಕಾದರೆ, ಹೆಚ್ಚು ನೋವೇ ಕೊಡದೆ ಮೂಳೆ ಕರಗುತ್ತಾ ಹೋಗುತ್ತದೆ. ದಿನಾ ರಾತ್ರಿ ಬ್ರಿಡ್ಜ್ ಕೆಳಗೆ ಸಣ್ಣ ಇಂಟರ್‌ಡೆಂಟಲ್ ಬ್ರಷ್ ತೂರಿಸಿ ತಿಕ್ಕಬೇಕು. ಆರು ತಿಂಗಳಿಗೊಮ್ಮೆ ತೋರಿಸಬೇಕು.

ಸ್ಕ್ರೂ ಹಾಕಿದ ಮೊದಲ ವಾರ ಗಂಜಿ, ಮೆತ್ತನೆ ಅನ್ನ ಸಾಕು. ಕಡಕ್ ರೊಟ್ಟಿ, ಶೇಂಗಾ ಏನಿದ್ದರೂ ಬ್ರಿಡ್ಜ್ ಕೂತ ಮೇಲೆ, ಡಾಕ್ಟರು ಸರಿ ಅಂದ ಮೇಲೆಯೇ.