ಸ್ಪೀಡ್ ಗನ್ ನೇರ ರಸ್ತೆಯಲ್ಲೇ ಯಾಕೆ? ಅಪಾಯ ಇರುವುದು ತಿರುವಿನಲ್ಲಲ್ಲವೇ?

ಪ್ರಶ್ನೆ: ಶಿವಮೊಗ್ಗ–ತೀರ್ಥಹಳ್ಳಿ ದಾರಿಯಲ್ಲಿ ದಿನವೂ ಓಡಾಡುತ್ತೇನೆ. ಖಾಲಿ ನೇರ ರಸ್ತೆಯಲ್ಲಿ ಕಾರು 78ರಲ್ಲಿ ಹೋಗಿದೆ ಎಂದು ದಂಡದ ನೋಟಿಸ್ ಬಂತು. ತಿರುವಿನಲ್ಲಿ ಎದುರಿಗೆ ನುಗ್ಗುವ ಬಸ್ಸು, ಪಿಕಪ್‌ಗಳನ್ನು ಕೇಳುವವರಿಲ್ಲ. ವೇಗ ಬಿಟ್ಟು ಅಡ್ಡಾದಿಡ್ಡಿ ಓಡಿಸುವವರನ್ನು ಹಿಡಿಯಬೇಕಲ್ಲವೇ?

ಉತ್ತರ: ಅರ್ಧ ಒಪ್ಪುತ್ತೇವೆ. ಮೊದಲು ಒಪ್ಪದ ಅರ್ಧ. 2018ರ ಕೇಂದ್ರ ಅಧಿಸೂಚನೆಯಂತೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಕಾರಿಗೆ ಗರಿಷ್ಠ 70. ಬಸ್ಸು, ಲಾರಿ, ಬೈಕಿಗೆ 60. ಎಲ್ಲಿ ಬೇಕೋ ಅಲ್ಲಿ ಇದಕ್ಕಿಂತ ಕಡಿಮೆ ಮಿತಿ ಹಾಕುವ ಅಧಿಕಾರ ರಾಜ್ಯಕ್ಕಿದೆ. ಮಳೆಗೆ ನೆನೆದ ರಸ್ತೆಯಲ್ಲಿ, ಚಾಲಕ ಕಂಡು ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, 60ರಲ್ಲಿರುವ ಕಾರು ನಿಲ್ಲಲು ಸುಮಾರು 60 ಮೀಟರ್ ಬೇಕು, 80ರಲ್ಲಿ 95 ಮೀಟರ್. ಇಪ್ಪತ್ತು ಹೆಚ್ಚಿಸಿದ್ದಕ್ಕೆ ಮೂವತ್ತೈದು ಮೀಟರ್ ಹೋಯಿತು. ಮಲೆನಾಡಿನಲ್ಲಿ ರಸ್ತೆ ನೇರವಾಗುವುದು ಹೆಚ್ಚಾಗಿ ಗದ್ದೆ ಬಯಲಿನಲ್ಲಿ, ಊರಿನ ಹತ್ತಿರ. ಶಾಲೆ, ಬಸ್ ಸ್ಟ್ಯಾಂಡು, ತೋಟದ ದಾರಿಯಿಂದ ದಿಢೀರನೆ ಮೇಲೆ ಬರುವ ಸ್ಕೂಟರು, ದನ ಎಲ್ಲ ಅಲ್ಲೇ. ರಸ್ತೆ ಖಾಲಿ ಕಂಡಿತೆಂದರೆ ಖಾಲಿ ಇತ್ತು ಎಂದಲ್ಲ.

ಇನ್ನು ಒಪ್ಪುವ ಅರ್ಧ. ಗನ್ ನಿಲ್ಲುವ ಜಾಗವನ್ನು ಬಹಳ ಸಲ ನಿರ್ಧರಿಸುವುದು ಅಪಘಾತವಲ್ಲ, ಯಂತ್ರದ ಅನುಕೂಲ. ‘ಜೋರಾಗಿ ಹೋಗುತ್ತಿದ್ದ’ ಎಂದು ಒಬ್ಬ ಸಾಕ್ಷಿಯ ಕಣ್ಣಂದಾಜಿನ ಮೇಲೆ ಮಾತ್ರ ಶಿಕ್ಷೆ ಆಗದು, ಉಪಕರಣದ ಅಳತೆ ಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 183ನೇ ಕಲಂ. ಲೇಸರ್ ಗನ್ನಿಗೆ ವಾಹನ ಹೆಚ್ಚುಕಡಿಮೆ ನೇರ ಎದುರಿಗೆ ಬರಬೇಕು. ಓರೆಯಾದಷ್ಟೂ ಅದು ತೋರಿಸುವ ವೇಗ ಇಳಿಯುತ್ತದೆ: 20 ಡಿಗ್ರಿ ಓರೆಯಲ್ಲಿ ಅಳೆದರೆ ನಿಜದ 70, ಅಲ್ಲಿ 66. ಜೋರು ಮಳೆ, ಮಂಜಿನಲ್ಲಿ ಕಿರಣ ಚದುರಿ ಅಳತೆಯೇ ಸಿಗದಿರಬಹುದು. ಹಾಗಾಗಿ ತಿರುವಿನಲ್ಲಿ ಗನ್ ಹಿಡಿದು ನಿಂತರೂ ಪ್ರಯೋಜನ ಅಷ್ಟಕ್ಕಷ್ಟೇ.

ಅಲ್ಲಿ ವೇಗ ಅಳೆಯುವುದೂ ಮುಖ್ಯವಲ್ಲ. ಒಂದು ಲೆಕ್ಕ ನೋಡಿ. 40ರಲ್ಲಿ ಹೋಗುವ ಲಾರಿಯನ್ನು 60ರಲ್ಲಿ ದಾಟಬೇಕು. ಹಿಂದೆ 20 ಮೀಟರ್, ಲಾರಿಯ ಉದ್ದ 10, ಮುಂದೆ ಸೇರಿಕೊಳ್ಳಲು 10: ಲಾರಿಗಿಂತ 40 ಮೀಟರ್ ಹೆಚ್ಚು ಓಡಬೇಕು. ಅದಕ್ಕೆ ಏಳು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ನೀವು 120 ಮೀಟರ್ ಹೋಗಿರುತ್ತೀರಿ, ಎದುರಿನವನೂ 60ರಲ್ಲಿದ್ದರೆ ಅವನೂ 120 ಮೀಟರ್ ಬಂದಿರುತ್ತಾನೆ. ಒಟ್ಟು 240 ಮೀಟರ್ ರಸ್ತೆ ಕಣ್ಣಿಗೆ ಕಾಣಬೇಕು. ನಮ್ಮ ಕಡೆ ಎರಡು ತಿರುವಿನ ನಡುವೆ ಅಷ್ಟು ಕಾಣುವ ಜಾಗ ಎಷ್ಟಿವೆ? ಇಲ್ಲಿ ಯಾರೂ ವೇಗದ ಮಿತಿ ಮೀರಿಲ್ಲ, ಆದರೂ ಸಾವಿಗೆ ಎದುರೇ ಓಡುತ್ತಿದ್ದಾರೆ.

ಕಾನೂನಿನ ಕೊರತೆ ಇಲ್ಲ. ನಿಯಮ ಮೀರಿ ಓವರ್‌ಟೇಕ್, ಎದುರು ದಿಕ್ಕಿನ ಚಾಲನೆ, ಓಡಿಸುತ್ತಾ ಕೈಯಲ್ಲಿ ಮೊಬೈಲ್: ಮೂರೂ 184ನೇ ಕಲಂನ ಅಪಾಯಕಾರಿ ಚಾಲನೆ. ಕೇಂದ್ರ ಕಾಯ್ದೆಯಲ್ಲಿ ಕಾರಿನ ಅತಿವೇಗಕ್ಕೆ 1,000ದಿಂದ 2,000 ರೂಪಾಯಿ ದಂಡ. 184ಕ್ಕೆ ಮೊದಲ ಸಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಜೈಲು, ಅಥವಾ ಎರಡೂ. ಇರುವ ಕೊರತೆ ಸಾಕ್ಷಿಯದು. ಅತಿವೇಗಕ್ಕೆ ಒಂದು ಅಂಕಿ ಸಾಕು; ಅಡ್ಡಾದಿಡ್ಡಿ ಚಾಲನೆಗೆ ನಡೆದದ್ದನ್ನು ಕಂಡವರು ಅಥವಾ ವಿಡಿಯೊ ಬೇಕು. ಸುಲಭವಾದ ಕೇಸು ಹೆಚ್ಚು ಬೀಳುವುದು ಸಹಜ.

ಆದ್ದರಿಂದ ನಮ್ಮ ಅಭಿಪ್ರಾಯ: ವೇಗವನ್ನು ಕ್ಯಾಮೆರಾಗಳಿಗೆ ಬಿಡಿ, ಪೊಲೀಸರನ್ನು ತಿರುವಿಗೆ ಕಳಿಸಿ. ನಡುವೆ ಅಡ್ಡದಾರಿ ಕಡಿಮೆ ಇರುವ ಕಡೆ 12 ಕಿ.ಮೀ. ಅಂತರದಲ್ಲಿ ನಂಬರ್ ಪ್ಲೇಟ್ ಓದುವ ಎರಡು ಕ್ಯಾಮೆರಾ ಹಾಕಿದರೆ ಸಾಕು, ಒಂಬತ್ತೇ ನಿಮಿಷದಲ್ಲಿ ದಾಟಿದವನ ಸರಾಸರಿ 80 ಎಂದು ತಾನೇ ಗೊತ್ತಾಗುತ್ತದೆ. ಗನ್ ಕಂಡಾಗ ಬ್ರೇಕ್ ಹಾಕಿ ಮುಂದೆ ಹಾರಿಸುವ ಆಟವೂ ನಡೆಯದು. ಉಳಿದ ಸಿಬ್ಬಂದಿಯಲ್ಲಿ ಒಬ್ಬರು ತಿರುವಿನಲ್ಲಿ ವಿಡಿಯೊ ಮಾಡಬೇಕು, ಇನ್ನೊಬ್ಬರು ಒಂದೆರಡು ಕಿ.ಮೀ. ಮುಂದೆ, ಅಗಲ ಜಾಗದಲ್ಲಿ ವಾಹನ ನಿಲ್ಲಿಸಬೇಕು. ತಿರುವಿನಲ್ಲೇ ಕೈ ಅಡ್ಡ ಹಿಡಿದರೆ ಹಿಂದಿನಿಂದ ಬಂದವರು ಗುದ್ದುತ್ತಾರೆ.

ದೇಶದಲ್ಲಿ 2022ರ ರಸ್ತೆ ಸಾವುಗಳಲ್ಲಿ ಸುಮಾರು 71 ಶೇಕಡಾ ಅತಿವೇಗದ್ದು ಎಂಬ ಸರ್ಕಾರಿ ಅಂಕಿಯನ್ನು ನಿಮ್ಮ ವಾದಕ್ಕೆ ಎದುರಿಡುವವರಿದ್ದಾರೆ. ಅದನ್ನು ಪೂರ್ತಿ ನಂಬುವಂತಿಲ್ಲ. ‘ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿ’ ಎಂಬ ಸಾಲು ಎಫ್‌ಐಆರ್‌ಗಳಲ್ಲಿ ರೂಢಿಯಿಂದಲೇ ಬರುತ್ತದೆ. ಅಪಘಾತವಾದ ವಾಹನದ ವೇಗ ಅಳೆದಿರುವುದು ಅಪರೂಪ.

ಪ್ರಶ್ನೆ: ನನ್ನ ಕಾರಿನ ಡ್ಯಾಶ್‌ಕ್ಯಾಮ್‌ನಲ್ಲಿ ಇಂಥದ್ದೊಂದು ಓವರ್‌ಟೇಕ್ ಸಿಕ್ಕಿದೆ. ಉಪಯೋಗವಾದೀತೇ?

ಉತ್ತರ: ಆಗುತ್ತದೆ, ಕತ್ತರಿಸದಿದ್ದರೆ. ಘಟನೆಗೆ ಅರ್ಧ ನಿಮಿಷ ಮೊದಲಿನಿಂದ ಇರಲಿ. ನಂಬರ್, ದಿನಾಂಕ, ವೇಳೆ, ತಿರುವು ಸ್ಪಷ್ಟವಾಗಿರಲಿ. ಕ್ಯಾಮೆರಾದ ಗಡಿಯಾರ ತಪ್ಪಾಗಿರುವುದು ಸಾಮಾನ್ಯ, ಮೊದಲೇ ಸರಿಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಚಿತ್ರ ಕುಗ್ಗಿ ನಂಬರ್ ಅಳಿಸುತ್ತದೆ, ಮೆಮೊರಿ ಕಾರ್ಡಿನ ಮೂಲ ಕಡತವನ್ನು ಇಟ್ಟುಕೊಳ್ಳಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ. ಅಪಾಯ ಕಣ್ಣೆದುರೇ ನಡೆಯುತ್ತಿದ್ದರೆ 112ಕ್ಕೆ ಕರೆ ಮಾಡಿ, ಆದರೆ ಕಾರು ನಿಲ್ಲಿಸಿ. ಬೆನ್ನಟ್ಟಿ ವಿಡಿಯೊ ಮಾಡಿದರೆ ಎರಡನೇ ಆರೋಪಿ ನೀವೇ.

ಪ್ರಶ್ನೆ: ಆಗುಂಬೆ ಘಾಟಿಯಲ್ಲಿ ಮಂಜಿದ್ದಾಗ ಎಷ್ಟು ವೇಗ ಸರಿ?

ಉತ್ತರ: ಎಷ್ಟು ದೂರ ಕಾಣುತ್ತದೋ ಅದರ ಅರ್ಧದೊಳಗೆ ನಿಲ್ಲುವಷ್ಟು, ಇನ್ನರ್ಧ ಎದುರಿನವರದು. 30 ಮೀಟರ್ ಕಂಡರೆ ಒದ್ದೆ ರಸ್ತೆಯಲ್ಲಿ 20 ಕಿ.ಮೀ. ಇಳಿಯುವಾಗ ಏರಲು ಬೇಕಾಗುವ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನೇ ನಂಬಿದರೆ ಬಿಸಿಯಾಗಿ ಹಿಡಿತ ಬಿಡುತ್ತದೆ. ಇಕ್ಕಟ್ಟಿನಲ್ಲಿ ಏರುವ ವಾಹನಕ್ಕೆ ಮೊದಲು ದಾರಿ ಕೊಡಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಟುಕಿಸಬೇಡಿ: ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಡಿಮ್ ಲೈಟ್, ಫಾಗ್ ಲ್ಯಾಂಪ್ ಸಾಕು.