ಏಷ್ಯನ್ ಲೆ ಮಾನ್ಸ್ 2021: ಒಂದೇ ರೇಸ್‌ನಲ್ಲಿ ಗೆದ್ದವರು ಅಷ್ಟು ಜನ ಹೇಗೆ?

ಮಂಗಳೂರು, ಉಡುಪಿ ಕಡೆಯವರಿಗೆ ಕಂಬಳ ನೆನಪಿಸಿಕೊಂಡರೆ ಸಾಕು. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗ ಬೇರೆ, ಬಹುಮಾನವೂ ಬೇರೆ ಅಲ್ವಾ? ಏಷ್ಯನ್ ಲೆ ಮಾನ್ಸ್ ಅನ್ನೋ ಈ ಕಾರ್ ರೇಸ್ ಸರಣಿಯಲ್ಲೂ ಹಾಗೇ, ವಿಭಾಗಕ್ಕೊಂದು ಗೆಲುವು. ಎಲ್‌ಎಂಪಿ2, ಎಲ್‌ಎಂಪಿ3 ಕಾರುಗಳು ರೇಸಿಗೆಂದೇ ಕಟ್ಟಿದವು. ಜಿಟಿ ಅಂದರೆ ಶೋರೂಮಿನ ಪೋರ್ಷೆ, ಫೆರಾರಿಯನ್ನು ರೇಸಿಗೆ ಬದಲಾಯಿಸಿದ್ದು. ಆದರೆ ಕಂಬಳದ ಹಾಗೆ ಸರದಿ ಇಲ್ಲ, ಎಲ್ಲ ಒಟ್ಟಿಗೇ ಓಡುತ್ತವೆ. ವೇಗದ ಕಾರು ನಿಧಾನದ್ದನ್ನು ತಿರುವಿನಲ್ಲಿ ದಾಟುವುದೇ ದೊಡ್ಡ ಕೆಲಸ. ನನಗೆ ಜಾಸ್ತಿ ಇಷ್ಟ ಅದೇ.

ಕೊರೊನಾ ಕಾಲದ ಆ ಸೀಸನ್ ಪೂರ್ತಿ ಫೆಬ್ರವರಿಯಲ್ಲೇ ಮುಗಿಯಿತು: 13, 14ರಂದು ದುಬೈ, 19, 20ರಂದು ಅಬುಧಾಬಿ. ನಾಲ್ಕು ರೇಸ್, ಒಂದೊಂದು ನಾಲ್ಕು ಗಂಟೆ. ಆಯಾ ವಿಭಾಗದಲ್ಲಿ ಮೊದಲು ಬಂದವರಿಗೆ 25 ಅಂಕ, ಆಮೇಲೆ 18, 15, 12, ಹೀಗೆ. ಎಲ್‌ಎಂಪಿ2 ಚಾಂಪಿಯನ್ ಆದದ್ದು ಜಿ-ಡ್ರೈವ್ ತಂಡದ ರೆನೆ ಬಿಂಡರ್, ಫರ್ಡಿನಾಂಡ್ ಹ್ಯಾಬ್ಸ್‌ಬರ್ಗ್, ಯಿಫೇ ಯೆ, ಮೂವರೂ ಒಬ್ಬರಾದ ಮೇಲೆ ಒಬ್ಬರಂತೆ ಒಂದೇ ಕಾರು ಓಡಿಸಿದವರು. ಚಾಂಪಿಯನ್ ತಂಡಕ್ಕೆ ಫ್ರಾನ್ಸಿನ 24 ಗಂಟೆಯ ಲೆ ಮಾನ್ಸ್‌ಗೆ ಆಹ್ವಾನ ಸಿಗುತ್ತದೆ, ಪೈಪೋಟಿ ಅದಕ್ಕೇ.

ನಮ್ಮವರೂ ಇದ್ದರು: ನರೇನ್ ಕಾರ್ತಿಕೇಯನ್, ಬೆಂಗಳೂರಿನ ಅರ್ಜುನ್ ಮೈನಿ, ನವೀನ್ ರಾವ್, ಮೂವರೂ ಒಂದೇ ಕಾರಿನಲ್ಲಿ. ಕದ್ರಿಯ ಮನೆಯಲ್ಲಿ ಅಣ್ಣನ ಜೊತೆ ಫೋನಿನಲ್ಲೇ ನೋಡಿದ್ದೆ. ಡ್ರೈವರ್ ಬದಲಾಗುವಾಗ ಇಳಿದವರೇ ಬಗ್ಗಿ, ಹತ್ತಿದವರ ಬೆಲ್ಟ್ ಎಳೆದು ಬಿಗಿಯುತ್ತಾರೆ. ಅದೊಂದು ಸಲ ಖಂಡಿತ ನೋಡಿ.