ವಿಡಿಯೊ ಎಡಿಟಿಂಗ್‌ನಲ್ಲಿ ಫೈಲ್‌ಗಳನ್ನು ಟೈಮ್‌ಲೈನ್‌ಗೆ ಹಾಕುವ ಸರಿಯಾದ ಕ್ರಮ ಯಾವುದು?

ನಿಮ್ಮ ಪ್ರಶ್ನೆಯಲ್ಲಿ ಮೂರು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಅಕ್ಕನ ಮದುವೆ ದಾವಣಗೆರೆಯಲ್ಲಿ ಆಯಿತು, ಒಂದು ಕ್ಯಾಮೆರಾದಲ್ಲೂ ಇಬ್ಬರು ನೆಂಟರ ಮೊಬೈಲಿನಲ್ಲೂ ತೆಗೆದ ವಿಡಿಯೊ ಇದೆ, ಜೊತೆಗೆ ಚಿತ್ರದುರ್ಗದ ಕೋಟೆಯಲ್ಲಿ ಹೊಸ ಜೋಡಿಯದು ತೆಗೆದ ಕ್ಲಿಪ್‌ಗಳಿವೆ ಅಂದಿದ್ದೀರಿ. ಎಲ್ಲವನ್ನೂ ಕೆಡೆನ್‌ಲೈವ್ ಅನ್ನೋ ಉಚಿತ ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ಗೆ, ಅಂದರೆ ಕ್ಲಿಪ್‌ಗಳನ್ನ ಒಂದರ ಹಿಂದೆ ಒಂದು ಜೋಡಿಸೋ ಸಾಲಿಗೆ, ಎಳೆದು ಹಾಕಿದ್ದೀರಿ. ಈಗ ಪ್ರೀವ್ಯೂ ಪರದೆ ಮೊಬೈಲಿನ ಹಾಗೆ ಉದ್ದುದ್ದ ಆಗಿಬಿಟ್ಟಿದೆ, ಮರುದಿನ ತೆರೆದರೆ ಅರ್ಧ ಫೈಲ್ ಕಾಣೆ, ಮೊಬೈಲ್ ವಿಡಿಯೊದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಎಳೆದು ಹಾಕೋ ರೀತಿಯಲ್ಲೇ ಏನಾದರೂ ತಪ್ಪಿದೆಯಾ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಮದುವೆ, ಗೃಹಪ್ರವೇಶ, ಜಾತ್ರೆ ವಿಡಿಯೊಗಳನ್ನ ಎಡಿಟ್ ಮಾಡೋ ಕೆಲಸದಲ್ಲಿದ್ದೀನಿ. ನಮ್ಮಲ್ಲಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಬರುವವರ ಗೋಳೂ ಹೆಚ್ಚುಕಮ್ಮಿ ಇದೇ ಮೂರು. ಮೂರರ ಬೇರೂ ಒಂದೇ ಕಡೆ ಇದೆ: ಮೊದಲ ಫೈಲನ್ನ ಟೈಮ್‌ಲೈನ್ ಮೇಲೆ ಬಿಡೋಕೆ ಮುಂಚೆ ಮಾಡಬೇಕಾದ ಕೆಲಸ ಬಾಕಿ ಉಳಿದಿರುತ್ತೆ.

ಕಾಣೆಯಾದ ಫೈಲ್‌ಗಳ ಬಗ್ಗೆ ಮೊದಲು ಹೇಳ್ತೀನಿ, ನಿಮಗೆ ಹೆಚ್ಚು ಗಾಬರಿ ಆಗಿರೋದು ಅದಕ್ಕೇ ಅನ್ನಿಸುತ್ತೆ. ಅವು ಅಳಿಸಿಹೋಗಿಲ್ಲ. ಪ್ರಾಜೆಕ್ಟ್ ಬಿನ್‌ಗೆ, ಅಂದರೆ ಪ್ರಾಜೆಕ್ಟಿನ ಫೈಲ್‌ಗಳೆಲ್ಲ ಕಾಣೋ ಪಟ್ಟಿಗೆ, ಫೈಲ್ ಸೇರಿಸಿದಾಗ ಸಾಫ್ಟ್‌ವೇರ್ ಅದನ್ನ ತನ್ನೊಳಗೆ ನಕಲು ಮಾಡಿಕೊಳ್ಳಲ್ಲ. ಯಾವ ಡ್ರೈವ್, ಯಾವ ಫೋಲ್ಡರ್, ಯಾವ ಹೆಸರು ಅಂತ ಬರೆದಿಟ್ಟುಕೊಳ್ಳುತ್ತೆ, ಅಷ್ಟೇ. ಲಗ್ನಪತ್ರಿಕೆಯಲ್ಲಿ ಕಲ್ಯಾಣ ಮಂಟಪದ ವಿಳಾಸ ಅಚ್ಚಾದ ಮೇಲೆ ಮಂಟಪ ಬದಲಾಯಿಸಿದರೆ ನೆಂಟರು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಬೇಕಾಗುತ್ತಲ್ಲ, ಹಾಗೆ. ನೀವು ಕಾರ್ಡ್ ರೀಡರ್‌ನಿಂದ, ಪೆನ್‌ಡ್ರೈವ್‌ನಿಂದ ನೇರವಾಗಿ ಎಳೆದಿದ್ದೀರಿ. ಪೆನ್‌ಡ್ರೈವ್ ಕಿತ್ತ ಕೂಡಲೇ ಆ ದಾರಿ ಮುಚ್ಚಿತು. ಅದನ್ನೇ ಮತ್ತೆ ಚುಚ್ಚಿದರೂ ವಿಂಡೋಸ್‌ನಲ್ಲಿ ನಿನ್ನೆ ‘ಇ’ ಆಗಿದ್ದ ಡ್ರೈವ್ ಇವತ್ತು ‘ಎಫ್’ ಆಗಿ ಕೂತಿರಬಹುದು. ಪ್ರೀಮಿಯರ್, ಡಾವಿಂಚಿ ರಿಸಾಲ್ವ್‌ನಂಥ ಬೇರೆ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ‘ಮೀಡಿಯಾ ಆಫ್‌ಲೈನ್’ ಅಂತ ಕೆಂಪಗೆ ಬರೋದೂ ಇದೇ ಕಾರಣಕ್ಕೆ.

ಈಗ ಮಾಡಬೇಕಾದದ್ದು: ಕಂಪ್ಯೂಟರಿನಲ್ಲಿ, ಇಲ್ಲವೇ ಯಾವಾಗಲೂ ಜೋಡಿಸಿಯೇ ಇರುವ ಒಂದು ಹಾರ್ಡ್‌ಡಿಸ್ಕ್‌ನಲ್ಲಿ, ಈ ಮದುವೆಗೆ ಅಂತ ಒಂದು ಫೋಲ್ಡರ್ ಮಾಡಿ. ಅದರೊಳಗೆ ಕ್ಯಾಮೆರಾಗೆ ಒಂದು, ಪ್ರತಿ ಮೊಬೈಲಿಗೆ ಒಂದೊಂದು, ಕೋಟೆಗೆ ಒಂದು, ಫೋಟೊಗೆ ಒಂದು, ಹಾಡಿಗೆ ಒಂದು. ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡಿ. ಆಮೇಲೆ ಪ್ರಾಜೆಕ್ಟ್ ತೆರೆದರೆ ಕೆಡೆನ್‌ಲೈವ್ ಕಾಣೆಯಾದ ಕ್ಲಿಪ್‌ಗಳ ಪಟ್ಟಿ ತೋರಿಸುತ್ತೆ. ಅಲ್ಲೇ ಹುಡುಕೋ ಬಟನ್ ಇರುತ್ತೆ, ಅದಕ್ಕೆ ಈ ದೊಡ್ಡ ಫೋಲ್ಡರನ್ನ ತೋರಿಸಿ. ಒಳಗಿನ ಫೋಲ್ಡರ್‌ಗಳಲ್ಲೂ ಜಾಲಾಡಿ ಜೋಡಿಸಿಕೊಳ್ಳುತ್ತೆ.

ಮೊಬೈಲಿಗೊಂದು ಫೋಲ್ಡರ್ ಅಂದದ್ದು ಶಿಸ್ತಿಗಾಗಿ ಮಾತ್ರ ಅಲ್ಲ. ಕ್ಯಾಮೆರಾಗಳು ಫೈಲಿಗೆ ಕೊಡೋ ಹೆಸರು ಮತ್ತೆ ಮತ್ತೆ ಅವೇ ಬರುತ್ತವೆ. ಎರಡು ಕಾರ್ಡ್‌ನಲ್ಲೂ 0001 ಅನ್ನೋ ವಿಡಿಯೊ ಇರುತ್ತೆ. ಎರಡನ್ನೂ ಒಂದೇ ಫೋಲ್ಡರ್‌ಗೆ ಸುರಿದರೆ ಒಂದರ ಮೇಲೆ ಇನ್ನೊಂದು ಕೂತು ಅಳಿಸಿಹೋಗುವ ಅಪಾಯ ಇದೆ. ಅಳಿಯದೆ ಉಳಿದರೂ, ಹೆಸರು ನೋಡಿ ಜೋಡಿಸುವ ಸಾಫ್ಟ್‌ವೇರ್ ಧಾರೆಯ ಜಾಗದಲ್ಲಿ ಊಟದ ಪಂಕ್ತಿ ತಂದು ಕೂರಿಸಿಬಿಡಬಹುದು.

ಇನ್ನೊಂದು ಮಾತು, ಕ್ಯಾಮೆರಾ ಕಾರ್ಡನ್ನ ಪೂರ್ತಿ ಕಾಪಿ ಮಾಡಿ, ವಿಡಿಯೊ ಫೈಲ್ ಮಾತ್ರ ಹೆಕ್ಕಬೇಡಿ. 32 ಜಿಬಿವರೆಗಿನ ಕಾರ್ಡ್‌ಗಳು ಸಾಮಾನ್ಯವಾಗಿ ಫ್ಯಾಟ್32 ಪದ್ಧತಿಯವು, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರೋ ಹಾಗಿಲ್ಲ. ಹಾಗಾಗಿ ಮುಹೂರ್ತದ ಉದ್ದನೆಯ ರೆಕಾರ್ಡಿಂಗ್ ಎರಡು ಮೂರು ತುಂಡಾಗಿ ಬಿದ್ದಿರುತ್ತೆ. ಒಂದು ತುಂಡು ಬಿಟ್ಟುಹೋದರೂ ಮಂತ್ರ ಅರ್ಧಕ್ಕೇ ನಿಲ್ಲುತ್ತೆ. ಬಿನ್‌ನಲ್ಲಿ ಅವನ್ನ ಹೆಸರಿನ ಕ್ರಮದಲ್ಲಿ ಒಟ್ಟಿಗೆ ಆಯ್ಕೆ ಮಾಡಿ ಎಳೆದರೆ ನಡುವೆ ಸಂದಿ ಇಲ್ಲದೆ ಒಂದರ ಹಿಂದೆ ಒಂದು ಕೂರುತ್ತವೆ.

ಇನ್ನು ಉದ್ದುದ್ದ ನಿಂತ ಪರದೆ. ಇದು ಮೊದಲ ಫೈಲಿನ ಕೆಲಸ. ಖಾಲಿ ಪ್ರಾಜೆಕ್ಟಿಗೆ ಮೊದಲ ವಿಡಿಯೊ ಸೇರಿಸಿದಾಗ, ಅದರ ಅಳತೆ ಪ್ರಾಜೆಕ್ಟಿನ ಅಳತೆಗೆ ಹೊಂದದಿದ್ದರೆ ಕೆಡೆನ್‌ಲೈವ್ ಒಂದು ಪ್ರಶ್ನೆ ಕೇಳುತ್ತೆ: ಪ್ರಾಜೆಕ್ಟನ್ನ ಈ ಕ್ಲಿಪ್‌ಗೆ ತಕ್ಕಂತೆ ಬದಲಾಯಿಸಲಾ ಅಂತ. ಅವಸರದಲ್ಲಿ ಎಲ್ಲರೂ ಹೂಂ ಅಂತಾರೆ. ನೀವು ಮೊದಲು ಎಳೆದದ್ದು ಕೋಟೆಯಲ್ಲಿ ಮೊಬೈಲನ್ನ ನೆಟ್ಟಗೆ ಹಿಡಿದು ತೆಗೆದ ರೀಲ್ಸ್ ಅಳತೆಯ ಕ್ಲಿಪ್ ಇರಬೇಕು. ಇಡೀ ಮದುವೆ ಆ ಅಳತೆಗೆ ಬಂತು, ಕ್ಯಾಮೆರಾದ ಅಡ್ಡ ವಿಡಿಯೊ ನಡುವಿನಲ್ಲಿ ಪಟ್ಟಿಯಷ್ಟೇ ಆಗಿ ಉಳಿಯಿತು. ಶಾಟ್‌ಕಟ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಅಂತೂ ಆಟೊಮ್ಯಾಟಿಕ್ ಮೋಡ್‌ನಲ್ಲಿದ್ದರೆ ಕೇಳೋದೂ ಇಲ್ಲ, ಮೊದಲ ಕ್ಲಿಪ್ ನೋಡಿ ತಾನೇ ತೀರ್ಮಾನ ಮಾಡಿಬಿಡುತ್ತೆ.

ಅಳತೆಗಿಂತ ದೊಡ್ಡ ತಲೆನೋವು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ (ಫ್ರೇಮ್) ಅನ್ನೋ ಲೆಕ್ಕ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆದಿದೆ ಅಂತ ಬರೆದಿದ್ದೀರಿ, ಮೊಬೈಲ್‌ಗಳು ಸಾಮಾನ್ಯವಾಗಿ 30ರಲ್ಲಿ ತೆಗೀತವೆ. 25ರ ವಿಡಿಯೊವನ್ನ 30ರ ಟೈಮ್‌ಲೈನ್‌ಗೆ ಹಾಕಿದರೆ ಪ್ರತಿ ಐದು ಫ್ರೇಮ್‌ಗೆ ಒಂದನ್ನ ಎರಡು ಸಲ ತೋರಿಸಿ ಲೆಕ್ಕ ಸರಿದೂಗಿಸುತ್ತೆ. ಕ್ಯಾಮೆರಾ ನಿಧಾನಕ್ಕೆ ತಿರುಗಿದ ಕಡೆ ಕುಂಟಿದ ಹಾಗೆ ಕಾಣೋದು ಅದಕ್ಕೇ. ತಿರುವುಮುರುವಾದರೆ ಆರರಲ್ಲಿ ಒಂದು ಫ್ರೇಮ್ ಬಿದ್ದುಹೋಗುತ್ತೆ. ಎರಡರಲ್ಲಿ ಒಂದನ್ನ ಒಪ್ಪಿಕೊಳ್ಳಲೇಬೇಕು. ಮುಖ್ಯ ಶಾಸ್ತ್ರಗಳು ಯಾವುದರಲ್ಲಿ ಇವೆಯೋ ಅದೇ ಟೈಮ್‌ಲೈನ್‌ನ ಫ್ರೇಮ್ ರೇಟ್ ಆಗಲಿ ಅನ್ನೋದು ನನ್ನ ಅಭಿಪ್ರಾಯ. ನಿಮಗೆ 1080ಪಿ (ಫುಲ್ ಎಚ್‌ಡಿ ಅಳತೆ), 25. ಅಂದಹಾಗೆ ನಮ್ಮಲ್ಲಿ ವಿಡಿಯೊಗ್ರಾಫರ್‌ಗಳು 25 ಅಥವಾ 50ಕ್ಕೆ ಅಂಟಿಕೊಂಡಿರೋದು ಹಳೆಯ ಪಾಲ್ ಟಿವಿ ಪದ್ಧತಿಯ ಅಭ್ಯಾಸದಿಂದ ಮಾತ್ರ ಅಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಆದ್ದರಿಂದ ಶಟರ್ 1/50 ಸೆಕೆಂಡಿನಲ್ಲಿದ್ದರೆ ಮಂಟಪದ ಟ್ಯೂಬ್‌ಲೈಟ್ ಮಿನುಗೋದು ತಪ್ಪುತ್ತೆ.

ಹೀಗಾಗಿ ಹೊಸ ಪ್ರಾಜೆಕ್ಟ್ ಶುರುಮಾಡಿ, ಸೆಟ್ಟಿಂಗ್ಸ್‌ನಲ್ಲಿ 1080ಪಿ 25 ಆರಿಸಿ, ಮೊದಲ ಫೈಲಾಗಿ ಕ್ಯಾಮೆರಾದ್ದನ್ನೇ ಸೇರಿಸಿ. ಆಮೇಲೆ ಬದಲಾಯಿಸಿಕೊಳ್ಳೋಣ ಅಂತ ಬಿಡಬೇಡಿ. ಕತ್ತರಿಸಿ ಜೋಡಿಸಿದ ಮೇಲೆ ಫ್ರೇಮ್ ರೇಟ್ ಬದಲಾಯಿಸಿದರೆ ಕ್ಲಿಪ್‌ಗಳ ಜಾಗ ಪಲ್ಲಟ ಆಗಬಹುದು. ರಿಸಾಲ್ವ್‌ನಲ್ಲಂತೂ ಕ್ಲಿಪ್ ಕೂತ ಟೈಮ್‌ಲೈನ್‌ನ ಫ್ರೇಮ್ ರೇಟ್ ಬದಲಾಯಿಸೋಕೆ ಬಿಡೋದೇ ಇಲ್ಲ.

ತುಟಿ–ಮಾತಿನ ಸಮಸ್ಯೆಗೆ ಬರೋಣ. ಮೊದಲು ಒಂದು ಪರೀಕ್ಷೆ ಮಾಡಿ. ಮೊಬೈಲ್ ಕ್ಲಿಪ್‌ನ ಮೊದಲ ನಿಮಿಷ ನೋಡಿ, ಕೊನೆಯ ನಿಮಿಷ ನೋಡಿ. ಎರಡೂ ಕಡೆ ಒಂದೇ ಅಂತರ ಇದ್ದರೆ ಧ್ವನಿಯನ್ನ ಒಂದಿಷ್ಟು ಆಚೀಚೆ ಸರಿಸಿದರೆ ಮುಗಿಯಿತು. ಶುರುವಿನಲ್ಲಿ ಸರಿಯಿದ್ದು ಹೋಗ್ತಾ ಹೋಗ್ತಾ ಹಿಂದೆ ಬಿದ್ದರೆ ಅದು ಬೇರೆ ಕಾಯಿಲೆ. ಮೊಬೈಲ್ 30 ಫ್ರೇಮ್ ಅಂತ ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಒಳಗೊಳಗೇ ವೇಗ ಇಳಿಸಿ ಏರಿಸಿ ಮಾಡುತ್ತೆ. ಧ್ವನಿ ಮಾತ್ರ ಸಮವಾಗಿ ಓಡ್ತಿರುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಒಂದೇ ವೇಗ ಅಂತ ನಂಬಿ ಲೆಕ್ಕ ಹಾಕೋದರಿಂದ ಚಿತ್ರ ಒಂದು ದಾರಿ, ಮಾತು ಒಂದು ದಾರಿ.

ಇದಕ್ಕೆ ಟೈಮ್‌ಲೈನ್‌ನಲ್ಲಿ ಮದ್ದಿಲ್ಲ, ಅದಕ್ಕೆ ಮುಂಚೆಯೇ ಆಗಬೇಕು. ಕೆಡೆನ್‌ಲೈವ್‌ನ ಈಚಿನ ಆವೃತ್ತಿಗಳು ಇಂಥ ಫೈಲ್ ಸೇರಿಸಿದಾಗ ತಾವೇ ಎಚ್ಚರಿಸಿ, ಎಡಿಟಿಂಗ್‌ಗೆ ಒಗ್ಗುವ ಫೈಲಾಗಿ ಪರಿವರ್ತಿಸಲಾ ಅಂತ ಕೇಳ್ತವೆ. ಆ ಪ್ರಶ್ನೆಗೆ ಮಾತ್ರ ಧಾರಾಳವಾಗಿ ಹೂಂ ಅನ್ನಿ. ಇಲ್ಲವಾದರೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಅದರ ವಿಡಿಯೊ ವಿಭಾಗದಲ್ಲಿ ಫ್ರೇಮ್ ರೇಟ್ 25 ಆರಿಸಿ, ಪಕ್ಕದಲ್ಲಿ ‘ಕಾನ್‌ಸ್ಟಂಟ್’ ಗುರುತು ಮಾಡಿ ಹೊಸ ಫೈಲ್ ಮಾಡಿಕೊಳ್ಳಿ. ಹಳೆ ಲ್ಯಾಪ್‌ಟಾಪ್ ಆದರೆ ಅದನ್ನ ಓಡೋಕೆ ಬಿಟ್ಟು ಬೆಣ್ಣೆದೋಸೆ ತಿಂದು ಬನ್ನಿ, ಎರಡನೇದಕ್ಕೂ ಟೈಮ್ ಸಿಗುತ್ತೆ.

ಈಗ ನಿಜವಾಗಿ ಎಳೆದು ಹಾಕೋ ಕೆಲಸ. ಮದುವೆ ವಿಡಿಯೊದಲ್ಲಿ ಎರಡು ಥರದ ಸರಕು ಇರುತ್ತೆ, ಎರಡಕ್ಕೂ ಒಂದೇ ಕ್ರಮ ನಡೆಯಲ್ಲ. ಧಾರೆ, ಮಾಂಗಲ್ಯಧಾರಣೆಯಂಥ ಶಾಸ್ತ್ರಗಳನ್ನ ಮೂರು ಕಡೆಯಿಂದ ತೆಗೆದಿದ್ದರೆ ಅವನ್ನ ಮೊದಲೇ ಕತ್ತರಿಸಬೇಡಿ. ಪೂರ್ತಿ ಉದ್ದವಾಗಿ, ಒಂದರ ಮೇಲೊಂದು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಮಲಗಿಸಿ. ಕೆಡೆನ್‌ಲೈವ್‌ನಲ್ಲಿ ಚಿತ್ರ ಮೇಲಿನ ವಿಡಿಯೊ ಟ್ರ್ಯಾಕ್‌ಗೆ, ಅದರ ಧ್ವನಿ ಕೆಳಗಿನ ಆಡಿಯೊ ಟ್ರ್ಯಾಕ್‌ಗೆ ತಾನಾಗೇ ಬೀಳುತ್ತೆ. ಆಮೇಲೆ ಧ್ವನಿಯ ಅಲೆ ನೋಡಿ. ಗಟ್ಟಿಮೇಳ ಅಂತ ಕೂಗಿದ ಕೂಡಲೇ ಡೋಲು, ವಾಲಗ ಒಮ್ಮೆಲೇ ಜೋರಾಗುತ್ತಲ್ಲ, ಅಲ್ಲಿ ಮೂರೂ ಟ್ರ್ಯಾಕ್‌ನ ಅಲೆ ಗೋಡೆ ಎದ್ದಂತೆ ಎದ್ದಿರುತ್ತೆ. ಆ ಗೋಡೆಗಳನ್ನ ನೇರಕ್ಕೆ ತಂದರೆ ಮೂರು ಕ್ಯಾಮೆರಾ ಹೊಂದಿಕೊಂಡವು. ಸಿನಿಮಾದವರಿಗೆ ಕ್ಲ್ಯಾಪ್ ಬೋರ್ಡ್ ಬೇಕು, ನಮಗೆ ಪುರೋಹಿತರೇ ಸಾಕು. ಕಣ್ಣಳತೆ ಬೇಡ ಅಂದರೆ ಕ್ಯಾಮೆರಾ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನ ಆಡಿಯೊ ರೆಫರೆನ್ಸ್ ಅಂತ ಗುರುತಿಸಿ, ಮಿಕ್ಕವನ್ನ ಅದಕ್ಕೆ ಅಲೈನ್ ಮಾಡೋ ಆಯ್ಕೆಯೂ ಅಲ್ಲೇ ಇದೆ. ಹೊಂದಿದ ಮೇಲೆ ಧ್ವನಿ ಒಂದೇ ಕಡೆಯದು ಇಟ್ಟುಕೊಂಡು ಉಳಿದದ್ದನ್ನ ಮ್ಯೂಟ್ ಮಾಡಿ.

ಊಟದ ಹಾಲ್, ಮಕ್ಕಳ ಓಡಾಟ, ಬೀಗರ ನಗು, ಕೋಟೆಯ ಕ್ಲಿಪ್‌ಗಳು ಇವೆಲ್ಲ ಎರಡನೇ ಥರ. ಇವನ್ನ ಇಡಿಯಾಗಿ ಟೈಮ್‌ಲೈನ್‌ಗೆ ಸುರಿದರೆ ಆಮೇಲೆ ಕಳೆ ಕೀಳೋದೇ ಕೆಲಸ. ಬಿನ್‌ನಲ್ಲಿ ಕ್ಲಿಪ್ ಒತ್ತಿ, ಕ್ಲಿಪ್ ಮಾನಿಟರ್‌ನಲ್ಲಿ ನೋಡಿ, ಬೇಕಾದ ತುಂಡಿನ ಶುರುವಿಗೆ ‘ಐ’, ಕೊನೆಗೆ ‘ಓ’ ಒತ್ತಿ, ಅಷ್ಟನ್ನೇ ಹಾಕಿ. ‘ವಿ’ ಒತ್ತಿದರೆ ಇದ್ದದ್ದನ್ನ ಮುಂದಕ್ಕೆ ತಳ್ಳಿ ನಡುವೆ ತೂರಿಕೊಳ್ಳುತ್ತೆ, ‘ಬಿ’ ಒತ್ತಿದರೆ ಇದ್ದದ್ದರ ಮೇಲೆ ಕೂರುತ್ತೆ. ಹಾಡಿನ ತಾಳಕ್ಕೆ ಕತ್ತರಿಸಿ ಮುಗಿಸಿದ ಭಾಗದಲ್ಲಿ ‘ವಿ’ ಒತ್ತೋಕೆ ಮುಂಚೆ ಎರಡು ಸಲ ಯೋಚಿಸಿ. ಹಾಡಿನ ಟ್ರ್ಯಾಕ್ ಲಾಕ್ ಆಗಿದ್ದರೆ ಹಾಡು ಅಲ್ಲೇ ಇರುತ್ತೆ, ಚಿತ್ರ ಮಾತ್ರ ಮುಂದೆ ಹೋಗುತ್ತೆ. ಅಂಥ ಕಡೆ ‘ಬಿ’ ಸರಿ.

ಕೋಟೆಯ ಮೇಲೆ ಗಾಳಿ ಮೈಕಿಗೇ ಬಡೀತಿರುತ್ತೆ. ಅಲ್ಲಿನ ಕ್ಲಿಪ್‌ಗಳಿಂದ ಚಿತ್ರ ಮಾತ್ರ ತೆಗೆದುಕೊಳ್ಳಿ. ಕ್ಲಿಪ್ ಮಾನಿಟರ್ ಕೆಳಗೆ ಚಿತ್ರಕ್ಕೆ ಬೇರೆ, ಧ್ವನಿಗೆ ಬೇರೆ ಗುರುತು ಇವೆ, ಬೇಕಾದ ಗುರುತು ಹಿಡಿದು ಎಳೆದರೆ ಅದೊಂದೇ ಬರುತ್ತೆ. ನೆಟ್ಟಗೆ ತೆಗೆದ ಕ್ಲಿಪ್‌ಗಳ ಆಚೀಚೆ ಕಪ್ಪು ಪಟ್ಟಿ ಬರುತ್ತೆ. ಅದನ್ನ ತುಂಬಿಸೋಕೆ ಅಂತ ಹಿಗ್ಗಿಸಿದರೆ ಕೋಟೆಯೂ ಹೋಗಿ, ತಲೆಯೂ ಹೋಗಿ, ಸೀರೆ ನೆರಿಗೆ ಮಾತ್ರ ಉಳಿಯುತ್ತೆ. ಅದೇ ಕ್ಲಿಪ್‌ನ ಮಸುಕಾದ ಪ್ರತಿಯನ್ನ ಕೆಳಗಿನ ಟ್ರ್ಯಾಕ್‌ನಲ್ಲಿ ಹಾಸಿದರೆ ನೋಡೋಕೆ ಪರವಾಗಿಲ್ಲ.

ವಾಟ್ಸಾಪ್‌ನಲ್ಲಿ ಬಂದದ್ದನ್ನ ಸಾಧ್ಯವಾದಷ್ಟು ಬಳಸಬೇಡಿ, ಕುಗ್ಗಿ ಬಂದಿರುತ್ತೆ. ಕಳಿಸಿದವರಿಗೆ ಡಾಕ್ಯುಮೆಂಟ್ ಅಂತ ಆರಿಸಿ ಮತ್ತೆ ಕಳಿಸೋಕೆ ಹೇಳಿ, 2 ಜಿಬಿವರೆಗೂ ಹೋಗುತ್ತೆ, ಮೂಲ ಗುಣಮಟ್ಟ ಉಳಿಯುತ್ತೆ. ಜೊತೆಗೆ ವಾಟ್ಸಾಪ್ ಫೈಲಿನ ಹೆಸರಲ್ಲಿರೋ ತಾರೀಖು ತೆಗೆದ ದಿನದ್ದಲ್ಲ, ಹೆಸರಿನ ಕ್ರಮ ನಂಬಿ ಜೋಡಿಸಿದರೆ ಆರತಕ್ಷತೆ ಆದ ಮೇಲೆ ಅರಿಶಿನ ಶಾಸ್ತ್ರ ಬರುತ್ತೆ.

ಕೊನೆಯಲ್ಲಿ ಕೇಳಿದ್ದಿರಲ್ಲ, ಟೈಮ್‌ಲೈನ್‌ನಿಂದ ಕ್ಲಿಪ್ ತೆಗೆದರೆ ಮೂಲ ಫೈಲ್ ಹೋಗುತ್ತಾ ಅಂತ. ಹೋಗಲ್ಲ. ಬಿನ್‌ನಿಂದ ತೆಗೆದರೆ ಟೈಮ್‌ಲೈನ್‌ನಲ್ಲಿರೋ ಅದರ ತುಂಡುಗಳೂ ಹೋಗ್ತವೆ, ಆದರೂ ಡಿಸ್ಕ್‌ನಲ್ಲಿ ಫೈಲ್ ಇದ್ದೇ ಇರುತ್ತೆ. ಎಲ್ಲ ಮುಗಿದ ಮೇಲೆ ‘ಆರ್ಕೈವ್ ಪ್ರಾಜೆಕ್ಟ್’ ಅನ್ನೋ ಆಯ್ಕೆಯಿಂದ ಪ್ರಾಜೆಕ್ಟು, ಫೈಲ್‌ಗಳನ್ನ ಒಂದೇ ಕಡೆ ಕಟ್ಟಿ ಬೇರೆ ಡಿಸ್ಕ್‌ಗೆ ಹಾಕಿಡಿ. ಕ್ಯಾಮೆರಾ ಕಾರ್ಡನ್ನ ಈಗಲೇ ಫಾರ್ಮ್ಯಾಟ್ ಮಾಡಬೇಡಿ. ವಿಡಿಯೊ ನೋಡಿದ ಮೇಲೆ ಬೀಗರ ಕಡೆಯಿಂದ ಫೋನ್ ಬಂದೇ ಬರುತ್ತೆ ನೋಡ್ರಿ, ನಮ್ಮ ಸೋದರತ್ತೆ ಎಲ್ಲೂ ಕಾಣಲೇ ಇಲ್ಲವಲ್ಲ ಅಂತ.